ಏಳನೆಯ ಅಧ್ಯಾಯದಲ್ಲಿ ಇಲ್ಲದ ನೀರು

ಕ್ಲೂನ್‌ಶೀ, ಗಾಲ್ವೇ
14 ಫೆಬ್ರವರಿ 1999

ಪ್ರೀತಿಯ ಫರ್ಗಲ್,

ಮೊನ್ನೆ ನೀನು ಕಾರಿನಿಂದ ಇಳಿದಾಗ ಮೊದಲು ಗುರುತೇ ಸಿಗಲಿಲ್ಲ. ಡಬ್ಲಿನ್ನಿನಿಂದ ಕಲ್ಲಿನ ಕ್ವಾರಿಯವರು ಯಾರೋ ಕನ್ನಡಕದ ಗಂಡಸನ್ನು ಕಳಿಸಿದ್ದಾರೆ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸೋಣ ಅಂದುಕೊಂಡಿದ್ದೆ. ನೀನು ಬೂಟನ್ನು ಹೊರಗೇ ಬಿಚ್ಚಿದಾಗ ಗೊತ್ತಾಯಿತು, ಇವನು ಊನಾ ನೂನ್‌ಳ ಮಗ ಎಂದು. ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ. ಬೂಟು ಹೊರಗೆ ಬಿಡು ಎಂದು ಹೇಳಿಸಿಕೊಳ್ಳದೆ ಬಿಟ್ಟ ಹುಡುಗರು ನಾಲ್ಕೋ ಐದೋ.

ನೀನು ಹೇಳಿದ್ದನ್ನು ನಮ್ಮ ನೀರಿನ ಸಮಿತಿಗೆ ಹಾಗೆಯೇ ಒಪ್ಪಿಸಿದೆ. ಕಂಪನಿ ಕ್ವಾರಿಯನ್ನು ಇನ್ನೂ ಅರವತ್ತು ಎಕರೆ ಹಿಗ್ಗಿಸಲು, ಈಗಿನ ತಳಕ್ಕಿಂತ ನಲವತ್ತು ಮೀಟರ್ ಆಳಕ್ಕೆ ಇಳಿಯಲು ಅನುಮತಿ ಕೇಳುತ್ತಿದೆ. ಕೇಳುವ ಮೊದಲು ಪರಿಸರಕ್ಕೆ ಏನಾಗುತ್ತದೆ ಎಂದು ವರದಿ ಕೊಡಬೇಕು. ಆ ವರದಿಯಲ್ಲಿ ನೀರಿನ ಅಧ್ಯಾಯ ನಿನ್ನದು. ಬಾರ್ಟ್ಲಿ ಫಾಹಿ ಕೇಳಿದ, "ಟೀಚರಮ್ಮ, ಅವನಿಗೆ ಸಂಬ್ಳ ಕೊಡೋರು ಯಾರು?" ಕಂಪನಿ ಅಂದೆ. "ಹಂಗಾದ್ರೆ ಅವನು ಕಂಪನಿ ನಾಯಿ" ಅಂದ. ನಾನು ಸಿಟ್ಟಾದೆ. "ಕೋಲ್ಮನ್ ನೂನ್‌ನ ಮಗ ಕಣೋ ಅವ್ನು. ಎಪ್ಪತ್ನಾಲ್ಕರಲ್ಲಿ ನಿನ್ ಜೊತೆ ಪೈಪಿಗೆ ಕಾಲುವೆ ತೋಡಿದೋನ ಮಗ" ಅಂದೆ. ಬಾರ್ಟ್ಲಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಹಂಗಾದ್ರೆ ಪರ್ವಾಗಿಲ್ಲ" ಅಂದ.

ನಮ್ಮ ಇಪ್ಪತ್ತಮೂರು ಮನೆಗಳಿಗೆ ಇರುವುದು ಒಂದೇ ಒರತೆ. ಸರ್ಕಾರ ನಮಗೆ ನೀರು ತಂದುಕೊಡಲಿಲ್ಲ. ನಮ್ಮ ಗಂಡಸರು ಆಲಿಕಲ್ಲು ಮಳೆಯಲ್ಲಿ ಗುದ್ದಲಿ ಹಿಡಿದು ತಂದರು. ಹಾಗೆಂದು ಕ್ವಾರಿ ಮುಚ್ಚಲಿ ಎಂದು ನಾನು ಹೇಳುವುದಿಲ್ಲ. ಇಪ್ಪತ್ತಾರು ಜನ ಅಲ್ಲಿ ದುಡಿಯುತ್ತಾರೆ, ಬಾರ್ಟ್ಲಿಯ ಅಳಿಯ ಮಲಾಕಿಯೂ ಸೇರಿ. ನನಗೆ ಬೇಕಾದದ್ದು ಇಷ್ಟೆ: ಗೊತ್ತಿರುವವನೊಬ್ಬ ನೋಡಿ ನಿಜ ಹೇಳಲಿ. ನೀನು ಬಂದದ್ದು ಒಳ್ಳೆಯದಾಯಿತು.

ನೀನು ಕೊಟ್ಟುಹೋದ ಖಾಲಿ ಬಾಟಲಿಗಳನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಹೇಳಿ ಕಳಿಸಿದಾಗ ದಿನಾ ನಲ್ಲಿಯ ನೀರು ತುಂಬುತ್ತೇನೆ.

ಇತಿ,
ಅಟ್ರಾಕ್ಟಾ ಕಿಲ್ಬೇನ್


ಡಬ್ಲಿನ್
2 ಮಾರ್ಚ್ 1999

ಪ್ರೀತಿಯ ಟೀಚರ್‌ಗೆ,

ಇವತ್ತು ಬೆಳಿಗ್ಗೆ ಕ್ವಾರಿಯ ಹಿಂದಿನ ಹೊಲದಲ್ಲಿ ತೊರೆ ನೆಲದೊಳಗೆ ಇಳಿದುಹೋಗುವ ಆ ಗುಂಡಿಗೆ ಬಣ್ಣ ಸುರಿದೆವು. ಗಾಲ್ವೇಯಿಂದ ಹೊರಡುವ ಅವಸರದಲ್ಲಿ ನಿಮ್ಮ ಮನೆಗೆ ಬರಲಾಗಲಿಲ್ಲ, ಕ್ಷಮಿಸಿ. ನಿಮ್ಮ ಕೈಯ ಬ್ರೆಡ್ಡಿನ ಆಸೆಯಂತೂ ಇತ್ತು.

ಸುಣ್ಣದಕಲ್ಲಿನ ನೆಲದಡಿ ನೀರು ಎತ್ತ ಹರಿಯುತ್ತದೆ ಎಂದು ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಬಣ್ಣ ಎಲ್ಲಿ ಮೇಲೇಳುತ್ತದೋ ಅಲ್ಲಿಗೆ ದಾರಿ ಇದೆ ಎಂದರ್ಥ. ನನ್ನ ಊಹೆಯಂತೆ ಅದು ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಹೋಗಬೇಕು. ಒಂದು ವೇಳೆ ನಿಮ್ಮ ಒರತೆಯಲ್ಲಿ ಬಂದರೆ, ಕ್ವಾರಿ ಆಳಕ್ಕಿಳಿದು ಪಂಪು ಹಚ್ಚಿದಾಗ ನಿಮ್ಮ ನೀರೂ ಅದರ ಜೊತೆ ಹೋಗುತ್ತದೆ. ಆಗ ಈ ಯೋಜನೆಯನ್ನು ಹೀಗೇ ಒಪ್ಪುವುದು ಸಾಧ್ಯವೇ ಇಲ್ಲ.

ನೀರು ಹಸಿರಾದರೆ ಹೆದರಬೇಡಿ, ಅಪಾಯವಿಲ್ಲ. ತುಂಬಿದ ಬಾಟಲಿಗಳನ್ನು ಕತ್ತಲಲ್ಲಿಯೇ ಇಡಿ. ಬಿಸಿಲು ಬಿದ್ದರೆ ಈ ಬಣ್ಣ ಕೆಲವೇ ದಿನಗಳಲ್ಲಿ ಮಾಯವಾಗಿಬಿಡುತ್ತದೆ. ಅದಕ್ಕೇ ಕಂದು ಬಾಟಲಿ ಕೊಟ್ಟಿರುವುದು.

ಅಮ್ಮ ನನ್ನ ಜೊತೆಯೇ ಇದ್ದಾಳೆ. ಇಲ್ಲಿನ ನೀರಲ್ಲಿ ಚಹಾ ಚಹಾ ಆಗೋದೇ ಇಲ್ಲ ಎಂದು ದಿನಾ ಗೊಣಗುತ್ತಾಳೆ. ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿಮ್ಮ ವಿಧೇಯ ವಿದ್ಯಾರ್ಥಿ,
ಫರ್ಗಲ್ ನೂನ್


ಕ್ಲೂನ್‌ಶೀ
9 ಮಾರ್ಚ್ 1999

ಪ್ರೀತಿಯ ಫರ್ಗಲ್,

ನಿನ್ನ ಊಹೆ ತಪ್ಪಾಯಿತು.

ಶನಿವಾರ ಬೆಳಿಗ್ಗೆ ಕೆಟಲ್ ತುಂಬಲು ನಲ್ಲಿ ತಿರುಗಿಸಿದೆ. ಎಳೆ ಹುಲ್ಲಿನ ಹಸಿರು. ಪಾತ್ರೆಯ ಬಣ್ಣವೇನೋ ಎಂದು ಬಿಳಿ ಬಟ್ಟಲು ಹಿಡಿದೆ. ಅದರಲ್ಲಿ ಇನ್ನೂ ಹಸಿರು. ಹೊರಗೆ ಬಂದರೆ ಬಾರ್ಟ್ಲಿ ದನದ ತೊಟ್ಟಿಯ ಮುಂದೆ ನಿಂತಿದ್ದ. "ಟೀಚರಮ್ಮ, ಎಲ್ಲಾ ಹಸಿರು ಮಾಡ್ಕೊಳ್ಳೋ ಸಂತ ಪ್ಯಾಟ್ರಿಕನ ಹಬ್ಬಕ್ಕೆ ಇನ್ನೂ ಹನ್ನೊಂದು ದಿನ ಐತಲ್ಲ, ಇವಕ್ಕೆ ಯಾಕೆ ಇಷ್ಟು ಅವಸರ?" ಅಂದ. ದನಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಕುಡಿಯುತ್ತಿದ್ದವು.

ನೀನು ಹೇಳಿದಂತೆ ಐದು ದಿನದ ಐದು ಬಾಟಲಿ, ಪ್ರತಿಯೊಂದಕ್ಕೂ ದಿನ, ಗಂಟೆ ಬರೆದು ಇದೇ ಟಪಾಲಿನಲ್ಲಿ ಕಳಿಸಿದ್ದೇನೆ. ಒಂದು ಜಾಮ್ ಸೀಸೆಯಲ್ಲಿ ಸ್ವಲ್ಪ ತುಂಬಿ ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ಕೆಡುತ್ತದೆಂದು ಗೊತ್ತು, ಆದರೆ ಕೆಡುವವರೆಗೆ ಊರಿನವರು ನೋಡಲಿ. ಎರಡು ದಿನ ಜಾತ್ರೆಯಂತೆ ಬಂದರು. ಮಲಾಕಿಯೂ ಬಂದಿದ್ದ. ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮತ್ತೆ ಕಿಟಕಿಯಲ್ಲಿಟ್ಟು ಹೋದ. ಅವನ ಕಷ್ಟ ನನಗೆ ಅರ್ಥವಾಗುತ್ತದೆ.

ಕೆಟ್ಟ ಸುದ್ದಿಯಾದರೂ ನನಗೆ ಸಮಾಧಾನವಿದೆ. ಈಗ ವಾದ ಇಲ್ಲ. ಕಂಪನಿ ಬೇರೆ ದಿಕ್ಕಿಗೆ ಅಗೆಯಲಿ, ಅಥವಾ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಲಿ. ಅಷ್ಟೇ ತಾನೆ?

ಅಟ್ರಾಕ್ಟಾ ಕಿಲ್ಬೇನ್


ಡಬ್ಲಿನ್
15 ಮಾರ್ಚ್ 1999

ಪ್ರೀತಿಯ ಟೀಚರ್‌ಗೆ,

ಬಾಟಲಿಗಳು ಸುರಕ್ಷಿತವಾಗಿ ತಲುಪಿದವು. ಆರನೆಯ ತಾರೀಖಿನದ್ದಂತೂ ಪ್ರಯೋಗಾಲಯಕ್ಕೆ ಕೊಡುವ ಮೊದಲೇ ಕಣ್ಣಿಗೆ ಕಾಣುವಷ್ಟು ಹಸಿರು. ನೀವು ಗಂಟೆ ಸಹಿತ ಬರೆದದ್ದು ನನ್ನ ಸಹಾಯಕರಿಗೆ ಪಾಠವಾಗಬೇಕು.

ಅಧಿಕೃತ ಫಲಿತಾಂಶ ಬರುವವರೆಗೆ ಇದನ್ನು ಹೆಚ್ಚು ಜನರಲ್ಲಿ ಮಾತಾಡದಿದ್ದರೆ ಒಳ್ಳೆಯದು.

ಫರ್ಗಲ್


ಕ್ಲೂನ್‌ಶೀ
30 ಸೆಪ್ಟೆಂಬರ್ 1999

ಪ್ರೀತಿಯ ಫರ್ಗಲ್,

ಆರು ತಿಂಗಳಲ್ಲಿ ನಾನು ಬರೆದ ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಕೆಲಸದ ಒತ್ತಡ ಇರಬಹುದು.

ಸೋಮವಾರ ಬಸ್ಸು ಹಿಡಿದು ಗಾಲ್ವೇಗೆ ಹೋಗಿ ಯೋಜನಾ ಕಚೇರಿಯಲ್ಲಿ ವರದಿ ಓದಿದೆ. ಮೂರು ಸಂಪುಟ. ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಕೂತು ಓದಬೇಕು. ಬಾವಲಿಗಳ ಬಗ್ಗೆ ಇಪ್ಪತ್ತು ಪುಟ, ಲಾರಿಗಳ ಬಗ್ಗೆ ನಲವತ್ತು, ಹಳೇ ಶಿಲುಬೆಯ ಕಲ್ಲಿನ ಬಗ್ಗೆ ಒಂದು ಚಿತ್ರ. ಏಳನೆಯ ಅಧ್ಯಾಯ ನೀರು. ಕೆಳಗೆ ನಿನ್ನ ಸಹಿ. ಅದರಲ್ಲಿ ಹೀಗಿದೆ: 'ಪ್ರಸ್ತಾವಿತ ಪ್ರದೇಶಕ್ಕೂ ಕ್ಲೂನ್‌ಶೀ ಸಮುದಾಯ ನೀರು ಪೂರೈಕೆಗೂ ಸಂಪರ್ಕ ಇರುವುದು ಖಚಿತಪಟ್ಟಿಲ್ಲ. ಪರಿಣಾಮ: ನಗಣ್ಯ.'

ಮೂರು ಸಲ ಓದಿದೆ. ನನ್ನ ಕನ್ನಡಕದ ದೋಷವೇ ಇರಬೇಕು ಎಂದು ಆ ಕಚೇರಿಯ ಹುಡುಗಿಯನ್ನು ಕರೆದು ಓದಿಸಿದೆ. ಅವಳು ಓದಿ, "ಒಳ್ಳೇದೇ ಅಲ್ವಾ ಮೇಡಂ? ಏನೂ ಆಗಲ್ಲ ಅಂತ ಬರ್ದಿದ್ದಾರೆ" ಅಂದಳು.

ನನ್ನ ಐದು ಬಾಟಲಿಗಳು ಪಟ್ಟಿಯಲ್ಲೇ ಇಲ್ಲ. ನಾವಿರುವ ಪೂರ್ವದ ಕಡೆ ಮಾದರಿ ತೆಗೆದ ಜಾಗ ಒಂದೂ ಇಲ್ಲ. ಬಣ್ಣ ಸುರಿದದ್ದು ಇದೆ, ಪಶ್ಚಿಮದ ಮೂರು ಒರತೆಗಳಲ್ಲಿ ಅದು ಕಾಣಲಿಲ್ಲ ಎಂಬುದಿದೆ. ಮತ್ತೆ ಅದು ಹೋದದ್ದೆಲ್ಲಿಗೆ ಎಂದು ಯಾರೂ ಕೇಳಿಲ್ಲ. ನಾಲ್ಕನೇ ತರಗತಿಯ ಹುಡುಗ ಇಂಥ ಲೆಕ್ಕ ತಂದಿದ್ದರೆ ನಾನು ಸ್ಲೇಟು ಒರೆಸಿ ಮತ್ತೆ ಮಾಡಿಸುತ್ತಿದ್ದೆ.

ಸುತ್ತಿ ಬಳಸಿ ಬರೆಯಬೇಡ. ನನ್ನ ಹಸಿರು ನೀರು ಏನಾಯಿತು?

ಅಟ್ರಾಕ್ಟಾ ಕಿಲ್ಬೇನ್


ಡಬ್ಲಿನ್
18 ಅಕ್ಟೋಬರ್ 1999

ಪ್ರೀತಿಯ ಟೀಚರ್‌ಗೆ,

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕೆಲವು ವಿಷಯ ವಿವರಿಸಬೇಕು.

ಮಾದರಿಗಳನ್ನು ತರಬೇತಿ ಪಡೆದ ಸಿಬ್ಬಂದಿಯೇ ತೆಗೆಯಬೇಕೆಂಬ ನಿಯಮವಿದೆ. ಮನೆಯ ನಲ್ಲಿಯಿಂದ, ಮನೆಯವರೇ ತುಂಬಿ ಟಪಾಲಿನಲ್ಲಿ ಕಳಿಸಿದ್ದನ್ನು ವರದಿಗೆ ಸೇರಿಸಿದರೆ ವಿರೋಧಿಗಳಲ್ಲ, ನಮ್ಮವರೇ ಪ್ರಶ್ನಿಸುತ್ತಾರೆ. ಚಳಿಗಾಲದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಬೇಕು ಎಂದು ನಾನು ಬರೆದಿದ್ದೆ. ಅಂತಿಮ ಕರಡಿನಲ್ಲಿ ನಮ್ಮ ಕಚೇರಿಯ ಹಿರಿಯರು ಆ ವಾಕ್ಯವನ್ನು ಬೇರೆ ರೀತಿ ಹೇಳಿದ್ದಾರೆ. 'ಸಂಪರ್ಕ ಇಲ್ಲ' ಎಂದು ನಾವು ಎಲ್ಲಿಯೂ ಹೇಳಿಲ್ಲ ಎಂಬುದನ್ನು ಗಮನಿಸಿ. 'ಖಚಿತಪಟ್ಟಿಲ್ಲ' ಎಂದಿದ್ದೇವೆ. ಎರಡಕ್ಕೂ ವ್ಯತ್ಯಾಸವಿದೆ.

ಒಂದು ಇಡೀ ಅಧ್ಯಾಯ ನನ್ನ ಹೆಸರಿನಲ್ಲಿ ಬಂದದ್ದು ಇದೇ ಮೊದಲು. ನಾನು ಒಪ್ಪದಿದ್ದರೆ ಬೇರೆಯವರು ಬರೆಯುತ್ತಿದ್ದರು, ಇದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದರು. ಒರತೆಯ ನೀರಿನ ಮಟ್ಟವನ್ನು ಕಂಪನಿ ಪ್ರತಿ ತಿಂಗಳು ಅಳೆಯಬೇಕೆಂಬ ಷರತ್ತನ್ನು ಹಟ ಹಿಡಿದು ಸೇರಿಸಿದವನು ನಾನು.

ಜನವರಿಯಲ್ಲಿ ಸಾರ್ವಜನಿಕ ವಿಚಾರಣೆ ಇದೆ. ನಿಮ್ಮ ಆಕ್ಷೇಪಣೆಯನ್ನು ಅಲ್ಲಿ ಹೇಳಬಹುದು. ಅದು ನಿಮ್ಮ ಹಕ್ಕು.

ಅಮ್ಮ ಸ್ವಲ್ಪ ಸುಸ್ತಾಗಿದ್ದಾಳೆ. ಈ ವಿಷಯ ಅವಳಿಗೆ ತಿಳಿಸದಿದ್ದರೆ ಉಪಕಾರವಾಗುತ್ತದೆ.

ಫರ್ಗಲ್


ಕ್ಲೂನ್‌ಶೀ
24 ಜನವರಿ 2000

ಶ್ರೀ ಫರ್ಗಲ್ ನೂನ್ ಅವರಿಗೆ,

ವಿಚಾರಣೆ ನಡೆದಾಗ ಹೋಟೆಲಿನ ಆ ಸಭಾಂಗಣದಲ್ಲಿ ನೀವು ಕಂಪನಿಯವರ ಮೇಜಿನ ತುದಿಯಲ್ಲಿ ಕೂತಿದ್ದಿರಿ. ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದೂ ಸುಲಭದ ಕೆಲಸವಲ್ಲ, ಎರಡು ದಿನ ಮಾಡಿದಿರಿ.

ನಮ್ಮ ಪರವಾಗಿ ಮಾತಾಡಲು ವಕೀಲರಿರಲಿಲ್ಲ, ನಾನೇ ನಿಂತೆ. ನಲ್ಲಿಯಲ್ಲಿ ಹಸಿರು ಬಂದದ್ದು ಹೇಳಿದೆ. ಜಾಮ್ ಸೀಸೆ ತೋರಿಸಿದೆ. ಅದರಲ್ಲಿದ್ದದ್ದು ಮಾಮೂಲಿ ನೀರಿನಂತೆ ತಿಳಿಯಾದ ನೀರು. ಹಸಿರು ಬಿಸಿಲಿಗೆ ಹೋಗಿದೆ ಎಂದೆ. ಕಂಪನಿಯ ವಕೀಲ ಎದ್ದು, "ಮೇಡಂ, ಇದ್ರಲ್ಲಿ ನಂಗೇನೂ ಹಸಿರು ಕಾಣಿಸ್ತಿಲ್ಲ. ನಿಮಗೆ ಕಾಣಿಸ್ತಿದ್ಯಾ?" ಅಂದ. ಜನ ನಕ್ಕರು. ಹೊರಗಿನವರು ನಕ್ಕರೆ ಬೇರೆ ಮಾತು, ನಕ್ಕವರಲ್ಲಿ ಅರ್ಧ ಜನ ನನ್ನ ಹತ್ತಿರ ಮಗ್ಗಿ ಕಲಿತವರು. ಆಟದ ಮೈದಾನಕ್ಕೆ ಕಂಪನಿ ದೀಪ ಹಾಕಿಸಿಕೊಟ್ಟ ಮೇಲೆ ಅವರ ನಗು ಸ್ವಲ್ಪ ಸಲೀಸಾಗಿದೆ.

ಆಗ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಹೆಂಗಸು ನಗಲಿಲ್ಲ. ನಿಮ್ಮ ಕಡೆ ತಿರುಗಿ ಕೇಳಿದಳು, "ಮಿಸ್ಟರ್ ನೂನ್, ಈ ಬಣ್ಣ ಬಿಸಿಲಿಗೆ ಹೋಗುತ್ತಾ?" ಎಂಥ ಸರಳ ಪ್ರಶ್ನೆ. ನೀವು ನೀರು ಕುಡಿದಿರಿ. "ಅದು ಹಲವು ಸಂಗತಿಗಳನ್ನ ಅವಲಂಬಿಸಿರುತ್ತೆ" ಅಂದಿರಿ. ಅವಳು ಮತ್ತೆ ಕೇಳಿದಳು, "ಇವರು ಕಳಿಸಿದ ಮಾದರಿ ಏನಾದ್ರೂ ನಿಮಗೆ ತಲುಪಿತ್ತಾ?" "ನಿಯಮದಂತೆ ತೆಗೆದ ಮಾದರಿ ಯಾವುದೂ ತಲುಪಿಲ್ಲ" ಅಂದಿರಿ. ಅವಳು ಬರೆದುಕೊಂಡಳು. ಮುಗಿಯಿತು.

ನಿಮಗೆ ಒಂದು ವಿಷಯ ಗೊತ್ತಿರಲಿ. ನಿಮ್ಮ ಮಾರ್ಚ್ ತಿಂಗಳ ಎರಡು ಪತ್ರಗಳೂ ಆಗ ನನ್ನ ಕೈಚೀಲದಲ್ಲಿದ್ದವು. ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಒಂದರಲ್ಲಿ, ಕಣ್ಣಿಗೆ ಕಾಣುವಷ್ಟು ಹಸಿರು ಎಂದು ಇನ್ನೊಂದರಲ್ಲಿ, ನಿಮ್ಮದೇ ಅಕ್ಷರದಲ್ಲಿ. ಚೀಲದ ಗುಂಡಿ ಬಿಚ್ಚಿದ್ದೆ ಕೂಡ. ತೆಗೆಯಲಿಲ್ಲ. ಹುಡುಗ ತಾನಾಗಿ ಹೇಳಲಿ, ತಾನಾಗಿ ಹೇಳಿದರೆ ಅವನ ಮರ್ಯಾದೆ ಉಳಿಯುತ್ತದೆ ಎಂದು ಕಾದೆ. ಕಾಯುತ್ತಿದ್ದಂತೆಯೇ ಆ ಹೆಂಗಸು ಮುಂದಿನ ಹೆಸರು ಕರೆದಳು.

ಹೊರಗೆ ಬಂದಾಗ ಬಾರ್ಟ್ಲಿ, "ಬಿಡಿ ಟೀಚರಮ್ಮ, ಸೀಸೆ ಕೊಡಿ ಇಲ್ಲಿ" ಎಂದು ನನ್ನ ಕೈಯಿಂದ ತೆಗೆದುಕೊಂಡು ಚರಂಡಿಗೆ ಸುರಿದ.

ಅಟ್ರಾಕ್ಟಾ ಕಿಲ್ಬೇನ್
ಕಾರ್ಯದರ್ಶಿ, ಕ್ಲೂನ್‌ಶೀ ಸಮುದಾಯ ನೀರು ಪೂರೈಕೆ ಸಮಿತಿ


ಡಬ್ಲಿನ್
12 ಜೂನ್ 2000

ಪ್ರೀತಿಯ ಟೀಚರ್‌ಗೆ,

ಇದನ್ನು ಎಷ್ಟು ಸಲ ಬರೆದು ಹರಿದೆನೋ ಲೆಕ್ಕವಿಲ್ಲ. ಕಂಪನಿಗೆ ಅನುಮತಿ ಸಿಕ್ಕಿದೆ ಎಂದು ನಿಮಗೆ ತಿಳಿದಿರುತ್ತದೆ. ನಾನು ಕೆಲಸ ಬಿಟ್ಟಿದ್ದೇನೆ. ಮುಂದಿನ ತಿಂಗಳಿನಿಂದ ಬೇರೆ ಕಡೆ.

ಇದರ ಜೊತೆ ಪ್ರಯೋಗಾಲಯದ ಹಾಳೆಯ ಪ್ರತಿ ಇದೆ. ನಿಮ್ಮ ಐದು ಬಾಟಲಿಗಳಲ್ಲಿ ಮೂರರಲ್ಲಿ ಬಣ್ಣವಿತ್ತು, ಆರನೇ ತಾರೀಖಿನದರಲ್ಲಿ ಅತಿ ಹೆಚ್ಚು. ಸಂಪರ್ಕದ ಬಗ್ಗೆ ಸಂಶಯಕ್ಕೆ ಎಡೆಯೇ ಇಲ್ಲ. ಇದು ನನ್ನ ಮೇಜಿನ ಖಾನೆಯಲ್ಲಿ ಒಂದು ವರ್ಷ ಇತ್ತು. ಇದನ್ನು ನೀವು ಹೇಗೆ ಬೇಕಾದರೂ ಬಳಸಬಹುದು. ಹೈಕೋರ್ಟಿನಲ್ಲಿ ಬೇಕಾದರೆ ನಾನೇ ಬಂದು ಹೇಳುತ್ತೇನೆ.

ಕ್ಷಮಿಸಿ ಎಂದು ಕೇಳುವ ಧೈರ್ಯವಿಲ್ಲ.

ಫರ್ಗಲ್


ಕ್ಲೂನ್‌ಶೀ
22 ಜೂನ್ 2000

ಶ್ರೀ ನೂನ್ ಅವರಿಗೆ,

ಅನುಮತಿಯ ಆದೇಶ ಏಪ್ರಿಲ್ ಹತ್ತೊಂಬತ್ತರದ್ದು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಎಂಟು ವಾರ ಅವಕಾಶ. ಜೂನ್ ಹದಿನಾಲ್ಕಕ್ಕೆ ಮುಗಿಯಿತು.

ನಿಮ್ಮ ಪತ್ರದ ಮೇಲೆ ಜೂನ್ ಹನ್ನೆರಡು ಎಂದಿದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಜೂನ್ ಹದಿನಾರು. ಹನ್ನೆರಡರಂದೇ ಪೆಟ್ಟಿಗೆಗೆ ಹಾಕಿದ್ದರೆ ಹದಿಮೂರಕ್ಕೆ ನನ್ನ ಕೈಯಲ್ಲಿರುತ್ತಿತ್ತು. ಬಣ್ಣ ನೆಲದಡಿ ಎಷ್ಟು ದಿನ, ಎಷ್ಟು ಗಂಟೆ ನಡೆಯಿತೆಂದು ಲೆಕ್ಕ ಹಾಕುವ ನಿಮಗೆ ಈ ಲೆಕ್ಕ ಬಾರದೆ ಇರಲಿಲ್ಲ. ಅಥವಾ ನಾಲ್ಕು ದಿನ ಕೋಟಿನ ಕಿಸೆಯಲ್ಲಿಟ್ಟುಕೊಂಡು ಪೆಟ್ಟಿಗೆಯ ಮುಂದೆ ಹೋಗಿ ಬಂದಿರೋ ಏನೋ. ಎರಡರಲ್ಲಿ ಯಾವುದು ಎಂದು ನನಗೆ ತಿಳಿಸಬೇಡಿ. ತಿಳಿದರೆ ಏನೂ ಬದಲಾಗುವುದಿಲ್ಲ.

ಆದರೂ ಒಬ್ಬ ವಕೀಲರಿಗೆ ಹಾಳೆ ತೋರಿಸಿದೆ. ಓದಿ, ಕನ್ನಡಕ ತೆಗೆದು, "ಇದು ಹೋದ ವಾರ ಬಂದಿದ್ರೆ ಚಿನ್ನ ಆಗಿತ್ತಲ್ರೀ" ಅಂದರು.

ಸಮಿತಿಯ ಸಭೆಯಲ್ಲಿ ಓದಿ ಹೇಳಿದೆ. ನೀವು ಅಂದುಕೊಂಡಂತೆ ಯಾರೂ ಕೂಗಾಡಲಿಲ್ಲ. ಕೊನೆಗೆ ಬಾರ್ಟ್ಲಿ ಕೇಳಿದ, "ಇದನ್ನ ಅವರಮ್ಮಂಗೆ ಯಾರಾದ್ರೂ ಹೇಳಿದ್ದೀರಾ?" ಇಲ್ಲ ಅಂದೆವು. "ಹೇಳ್ಬೇಡಿ" ಅಂದ. ಎಲ್ಲರೂ ಒಪ್ಪಿದರು.

ಅಟ್ರಾಕ್ಟಾ ಕಿಲ್ಬೇನ್


ಡಬ್ಲಿನ್
11 ಅಕ್ಟೋಬರ್ 2001

ಮಾನ್ಯ ಟೀಚರ್ ಅವರಿಗೆ,

ಬರೆಯುವ ಹಕ್ಕು ನನಗಿಲ್ಲ. ಅಮ್ಮನಿಗಾಗಿ ಬರೆಯುತ್ತಿದ್ದೇನೆ.

ಅವಳು ಆಸ್ಪತ್ರೆಯಲ್ಲಿದ್ದಾಳೆ. ಇನ್ನು ಎರಡೋ ಮೂರೋ ವಾರ ಎಂದಿದ್ದಾರೆ. ಕ್ಲೂನ್‌ಶೀಯಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅವಳ ಆಸೆ. ಊರಿನವರ ಆಕ್ಷೇಪವಿದ್ದರೆ ಮೊದಲೇ ತಿಳಿಸಿಬಿಡಿ. ನಾನು ಬರಬಾರದು ಎಂದಾದರೆ ಚಿಕ್ಕಪ್ಪನ ಮಕ್ಕಳ ಜೊತೆ ಅವಳನ್ನು ಕಳಿಸಿಕೊಡುತ್ತೇನೆ.

ಇನ್ನೊಂದು. ಈಗ ಅವಳಿಗೆ ಊಟ ಸೇರುವುದಿಲ್ಲ. ಏನಾದರೂ ಬೇಕಾ ಎಂದು ಕೇಳಿದರೆ ಒಂದೇ ಮಾತು: "ಮನೆ ನೀರು ಒಂದ್ ಗುಟುಕು ತಂದ್ಕೊಡೋ." ನಾನು ಬೇರೆ ನೀರು ಕೊಟ್ಟರೆ ತುಟಿಗೆ ತಾಗಿಸಿ ಮುಖ ತಿರುಗಿಸುತ್ತಾಳೆ. ಒರತೆಯ ಸ್ಥಿತಿ ಈಗ ಹೇಗಿದೆಯೋ ತಿಳಿಯದು. ಕೇಳುವ ಧೈರ್ಯ ಮಾಡಿರಲಿಲ್ಲ. ಒಂದು ಬಾಟಲಿ ಕಳಿಸಲು ಸಾಧ್ಯವೇ?

ಫರ್ಗಲ್ ನೂನ್


ಕ್ಲೂನ್‌ಶೀ
16 ಅಕ್ಟೋಬರ್ 2001

ಫರ್ಗಲ್,

ನಿನ್ನ ತಾಯಿ ಇಲ್ಲಿಗೇ ಬರುತ್ತಾಳೆ. ಅದರಲ್ಲಿ ಕೇಳುವುದೇನಿದೆ? ಗುಂಡಿ ತೋಡಲು ಬಾರ್ಟ್ಲಿ, ಮಲಾಕಿ ಮತ್ತು ಇನ್ನಿಬ್ಬರು ಹೆಸರು ಕೊಟ್ಟಿದ್ದಾರೆ. ಬಾರ್ಟ್ಲಿಗೆ ಎಪ್ಪತ್ತೆರಡು. ಬೇಡ ಅಂದರೆ, "ಕೋಲ್ಮನ್‌ಗೆ ತೋಡಿದ್ದು ನಾನು, ಅವನ ಹೆಂಡ್ತಿಗೂ ನಾನೇ ತೋಡ್ತೀನಿ" ಅನ್ನುತ್ತಾನೆ. ಬಂದವರಿಗೆಲ್ಲ ಚಹಾ, ಬ್ರೆಡ್ಡು ನನ್ನ ಮನೆಯಲ್ಲಿ. ನೀನೂ ಬರಬೇಕು. ಎಲ್ಲರೂ ನಿನ್ನ ಕೈ ಕುಲುಕುತ್ತಾರೆ, ನಿನ್ನ ದುಃಖಕ್ಕೆ ನಮ್ಮ ದುಃಖ ಎನ್ನುತ್ತಾರೆ. ಆ ವಿಷಯ ಯಾರೂ ಎತ್ತುವುದಿಲ್ಲ. ಅದನ್ನು ನೀನು ಹೇಗೆ ತಡೆದುಕೊಳ್ಳುತ್ತೀಯೋ ನನಗೆ ತಿಳಿಯದು.

ನೀರಿನ ವಿಷಯ. ಹೋದ ಚಳಿಗಾಲದಲ್ಲಿ ಸಿಡಿಮದ್ದು ಹಾರಿಸಿದ ಮಾರನೆಯ ದಿನವೆಲ್ಲ ನೀರು ಹಾಲಿನಂತೆ ಬರುತ್ತಿತ್ತು. ಬೇಸಿಗೆಯಲ್ಲಿ ಕೆಳಗಿನ ಎಂಟು ಮನೆಗೆ ನಿಂತಿತು. ಆಗಸ್ಟಿನಲ್ಲಿ ಎಲ್ಲರಿಗೂ. ಈಗ ವಾರಕ್ಕೆ ಮೂರು ದಿನ ಟ್ಯಾಂಕರ್ ಬರುತ್ತದೆ, ಕಂಪನಿಯ ಹೆಸರು ದೊಡ್ಡದಾಗಿ ಬರೆದುಕೊಂಡು. ನಿನ್ನ ಷರತ್ತಿನಂತೆ ಪ್ರತಿ ತಿಂಗಳು ಒಬ್ಬ ಹುಡುಗಿ ಬಂದು ಒರತೆಗೆ ಟೇಪು ಇಳಿಸಿ ಬರೆದುಕೊಂಡು ಹೋಗುತ್ತಾಳೆ. ಬಹಳ ಅಚ್ಚುಕಟ್ಟಿನ ಹುಡುಗಿ. ಬಾರ್ಟ್ಲಿ ಹದಿನಾಲ್ಕು ದನಗಳನ್ನೂ ಮಾರಿದ.

ನಾನು ಊರಿನ ಮುಂದೆ ತಲೆಯೆತ್ತಿ ನಡೆಯುತ್ತೇನೆ, ಅದೇ ನನ್ನ ಶಿಕ್ಷೆ. ಆ ದಿನ ನನ್ನ ಕೈಚೀಲದಲ್ಲಿ ಏನಿತ್ತೆಂದು ಇವರಿಗೆ ನಾನು ಹೇಳಿಲ್ಲ. ನಿನ್ನ ಮರ್ಯಾದೆ ಉಳಿಸಲು ಹೋಗಿ ಇಪ್ಪತ್ತಮೂರು ಮನೆಯ ನೀರು ಕಳೆದೆ. ನೀನು ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ನಿನಗೆ ಮಾತ್ರ ಬೈಯುವುದು ಸುಲಭ ಎಂದು ಇಷ್ಟು ದಿನ ನಿನಗೆ ಮಾತ್ರ ಬೈದೆ.

ನಿನ್ನ ಕಾಗದ ಓದಿ ಹೇಳಿದ ಮೇಲೆ ಬಾರ್ಟ್ಲಿ ಏಣಿ ಇಳಿಸಿಕೊಂಡು ಒರತೆಯ ತಳಕ್ಕೆ ಹೋದ. ಬೇಡವೆಂದರೂ ಕೇಳಲಿಲ್ಲ. ಕಲ್ಲಿನ ಸಂದಿಯಲ್ಲಿ ನಿಂತಿದ್ದದ್ದನ್ನು ಬಟ್ಟಲಿನಿಂದ ಗೋರಿ ಗೋರಿ ಒಂದು ನಿಂಬೆ ಶರಬತ್ತಿನ ಬಾಟಲಿ ತುಂಬಿಸಿ ತಂದ. ಮೂರು ದಿನ ಮೇಜಿನ ಮೇಲೆ ಅಲುಗಿಸದೆ ಇಟ್ಟಿದ್ದೆವು. ತಿಳಿಯಾಗಲಿಲ್ಲ. ಕಲ್ಲಿನ ಹುಡಿಯೋ, ಟ್ರಕ್ಕಿನ ಎಣ್ಣೆಯೋ, ಮೇಲೆ ಒಂದು ಪದರ ಇದೆ. ಬಟ್ಟೆಯಲ್ಲಿ ಸೋಸಿದೆ, ಹಾಗೆಯೇ ಇದೆ.

ಅದನ್ನೇ ಮಲಾಕಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಊನಾ ಕೇಳಿದ ನೀರು ಇದೇ, ಬೇರೆ ಇಲ್ಲ. ಸಾಯುವವಳ ಬಾಯಿಗೆ ಇದನ್ನು ಹಾಕಬಹುದೋ ಬಾರದೋ ನನಗೆ ಗೊತ್ತಿಲ್ಲ. ಬೆಳಕಿಗೆ ಹಿಡಿದು ನೋಡಿ ನೀನೇ ತೀರ್ಮಾನ ಮಾಡು. ಪರೀಕ್ಷೆ ಮಾಡುವವನು ನೀನು.

ಅಟ್ರಾಕ್ಟಾ ಕಿಲ್ಬೇನ್